ನಾಲ್ಕು ಮೂಲೆಯ ಕಾಗದದಲ್ಲಿ ಯಾವ ಹೂವು ಮಡಿಸುವುದು?

ಅಕ್ಕನ ಮಗಳು ಐದನೆಯ ತರಗತಿಯಲ್ಲಿದ್ದಾಗ ಒಂದು ಸಂಜೆ ಕೆಂಪು ಬಣ್ಣದ ಚೌಕ ಕಾಗದವನ್ನು ನನ್ನ ಮುಂದಿಟ್ಟು, "ಮಾಮ, ದಾಸವಾಳ ಮಡಿಸಿಕೊಡು" ಎಂದಳು. ಮಾದರಿಗೆ ಇರಲಿ ಎಂದು ಅಂಗಳದ ಗಿಡದಿಂದ ಒಂದು ಹೂವನ್ನೂ ಕಿತ್ತು ತಂದಿದ್ದಳು. ಒರಿಗಾಮಿ, ಅಂದರೆ ಕಾಗದ ಮಡಿಸುವ ಜಪಾನಿ ಕಲೆ, ಬಲ್ಲವನೆಂಬ ಜಂಬದಲ್ಲಿ ನಾನು ಕುಳಿತೆ. ಮುಕ್ಕಾಲು ಗಂಟೆ ಕಳೆದ ಮೇಲೆ ನನ್ನ ಕೈಯಲ್ಲಿದ್ದದ್ದು ಲಿಲ್ಲಿಯೂ ಅಲ್ಲದ, ದಾಸವಾಳವೂ ಅಲ್ಲದ ಒಂದು ಕೆಂಪು ವಸ್ತು. ಅವಳು ಅದನ್ನು ನಿಜವಾದ ಹೂವಿನ ಪಕ್ಕದಲ್ಲಿಟ್ಟು, ದಳದ ಮೇಲೆ ಬೆರಳಿಟ್ಟು ಎಣಿಸಿದಳು. "ಒಂದು ಕಡಿಮೆ ಇದೆಯಲ್ಲ" ಎಂದಳು.

ಕಡಿಮೆಯಾಗದೆ ಇನ್ನೇನು? ಚೌಕಕ್ಕೆ ಇರುವುದೇ ನಾಲ್ಕು ಮೂಲೆ. ಮಡಿಸಿದ ಹೂವಿನಲ್ಲಿ ದಳದ ತುದಿಯಾಗುವುದು ಸಾಮಾನ್ಯವಾಗಿ ಕಾಗದದ ಮೂಲೆಯೇ. ಗಿಡದ ಹೂವುಗಳಿಗೋ ನಾಲ್ಕೆಂದರೆ ಅಷ್ಟಕ್ಕಷ್ಟೆ. ದಾಸವಾಳಕ್ಕೆ, ನಂದಿಬಟ್ಟಲಿಗೆ, ಜಪಾನಿನ ಚೆರ್ರಿ ಹೂವಿಗೆ ಐದು ದಳ. ಟ್ಯೂಲಿಪ್‌ಗೂ ಲಿಲ್ಲಿಗೂ ಆರು. ತಾವರೆಯದನ್ನು ಎಣಿಸಲು ಕೂರುವವರು ಯಾರು? ನಮ್ಮ ಕಡೆ ನಾಲ್ಕೇ ದಳ ಬೇಕೆಂದರೆ ಕೇಪಳದ ಗೊಂಚಲನ್ನು ಹುಡುಕಿಕೊಂಡು ಹೋಗಬೇಕು.

ಹಾಗಾಗಿ ಕಾಗದದ ಒಂದೊಂದು ಹೂವೂ ಈ ನಾಲ್ಕರ ಜೊತೆ ಒಂದೊಂದು ಬಗೆಯ ರಾಜಿ ಮಾಡಿಕೊಂಡಿದೆ. ಟ್ಯೂಲಿಪ್ ಮತ್ತು ಲಿಲ್ಲಿ ನಾಲ್ಕೇ ಸಾಕೆಂದು ಸುಮ್ಮನಾಗಿವೆ. ತಾವರೆ ನಾಲ್ಕನ್ನೇ ಮೇಲಿಂದ ಮೇಲೆ ಮಡಿಸಿ ಸುತ್ತುಗಟ್ಟಲೆ ದಳ ಮಾಡಿಕೊಳ್ಳುತ್ತದೆ. ಬಿಡಿ ದಳಗಳನ್ನು ಜೋಡಿಸಿ ಮಾಡುವ ಕುಸುದಾಮಕ್ಕೆ ಐದು ಕಾಗದ ಬೇಕು. ಚೆರ್ರಿ ಹೂವು ಕತ್ತರಿ ಕೇಳುತ್ತದೆ. ಗುಲಾಬಿಯಂತೂ ಕಾಗದವನ್ನು ತಿರುಚಿ ಲೆಕ್ಕವನ್ನೇ ಮರೆಸಿಬಿಡುತ್ತದೆ. ಯಾವುದನ್ನು ಮಡಿಸುವುದು ಎಂಬ ಪ್ರಶ್ನೆಯನ್ನು ನಾನು ಈಗ ಬಿಡಿಸುವುದೇ ಹೀಗೆ: ಈ ನಾಲ್ಕರ ಜೊತೆ ಗುದ್ದಾಡಲು ನಿಮ್ಮ ಬಳಿ ಎಷ್ಟು ಹೊತ್ತಿದೆ, ಎಂಥ ಕಾಗದವಿದೆ?

ಓದುವ ವ್ಯವಧಾನ ಇಲ್ಲದವರಿಗೆ ಉತ್ತರ ಈಗಲೇ ಹೇಳಿಬಿಡುತ್ತೇನೆ. ಮಕ್ಕಳ ಗುಂಪು ಎದುರಿಗಿದ್ದರೆ ಟ್ಯೂಲಿಪ್. ಒಬ್ಬರಿಗೆ ಕೊಡಲು ಒಂದು ಹೂವು ಸಾಕೆಂದರೆ ಲಿಲ್ಲಿ. ನನ್ನ ಓಟು ಯಾವಾಗಲೂ ಅದಕ್ಕೇ. ಹಬ್ಬಕ್ಕೆ, ಬೊಂಬೆ ಕೂರಿಸುವುದಕ್ಕೆ ತಾವರೆ. ಮನೆಮಂದಿಯೆಲ್ಲ ಸೇರಿ ಕೂತು ಏನಾದರೂ ಕಟ್ಟೋಣ ಎಂದರೆ ಕುಸುದಾಮ. ಗುಲಾಬಿಗೆ ಇವುಗಳಲ್ಲಿ ಎರಡನ್ನಾದರೂ ಕಣ್ಣುಮುಚ್ಚಿ ಮಡಿಸಬಲ್ಲವರು ಕೈಹಾಕಲಿ.

ಮೊದಲು ಕೈಯಲ್ಲಿರುವ ಕಾಗದ

ಮೊಬೈಲಿನಲ್ಲಿ ಚಿತ್ರ ನೋಡಿ ಮೊದಲು ಹೂವನ್ನು ಮೆಚ್ಚಿ, ಆಮೇಲೆ ಕಾಗದ ಹುಡುಕುವವರೇ ಹೆಚ್ಚು. ನಾನೂ ಬಹಳ ವರ್ಷ ಹಾಗೆಯೇ ಮಾಡಿದೆ, ಬುಟ್ಟಿಗಟ್ಟಲೆ ಕಾಗದ ಹಾಳುಮಾಡಿದೆ. ಈಗ ಕಾಗದ ನೋಡಿಯೇ ಹೂವು ನಿರ್ಧರಿಸುತ್ತೇನೆ.

ಎಲ್ಲರ ಮನೆಯಲ್ಲೂ ಸಿಗುವುದು ಪ್ರಿಂಟರಿನ ಎ4 ಹಾಳೆ. ಚದರ ಮೀಟರಿಗೆ 70ರಿಂದ 80 ಗ್ರಾಂ ತೂಗುವ ಕಾಗದ ಅದು. ಅಗಲದ ಅಂಚನ್ನು ಉದ್ದದ ಅಂಚಿನ ಮೇಲೆ ತಂದು ಕೂರಿಸಿ, ಹೊರಗುಳಿದ ಪಟ್ಟಿಯನ್ನು ಕತ್ತರಿಸಿದರೆ 21 ಸೆಂಟಿಮೀಟರಿನ ಚೌಕ ಸಿಗುತ್ತದೆ. ಉಳಿದ ಪಟ್ಟಿಯನ್ನು ಎಸೆಯಬೇಡಿ. ಅದು 8.7 ಸೆಂಟಿಮೀಟರ್ ಅಗಲ ಇರುತ್ತದೆ; ಅದರಲ್ಲಿ ಎರಡು ಪುಟ್ಟ ಚೌಕಗಳು ಹುಟ್ಟುತ್ತವೆ, ಎರಡು ಪುಟ್ಟ ಟ್ಯೂಲಿಪ್‌ಗಳಾಗುತ್ತವೆ. ಒರಿಗಾಮಿಗೆಂದೇ ಕಟ್ಟುಕಟ್ಟಾಗಿ ಬರುವ ಕಾಗದ ಹೆಚ್ಚಾಗಿ 15 ಸೆಂಟಿಮೀಟರಿನದು, ತುಸು ತೆಳ್ಳಗೆ, ಒಂದು ಬದಿಗೆ ಮಾತ್ರ ಬಣ್ಣ. ಚೌಕವೆಂದು ಕಟ್ಟಿನ ಮೇಲೆ ಅಚ್ಚಾಗಿದೆ ಎಂದ ಮಾತ್ರಕ್ಕೆ ನಂಬಬೇಡಿ. ಒಮ್ಮೆ ನಾನು ತಂದ ನೂರು ಹಾಳೆಯ ಕಟ್ಟಿನಲ್ಲಿ ಒಂದು ಬದಿ ಎರಡು ಮಿಲಿಮೀಟರ್ ಉದ್ದವಿತ್ತು. ಮೊದಲ ಮಡಿಕೆಯಲ್ಲಿ ಎರಡು ಮಿಲಿಮೀಟರ್ ಏನೂ ಅಲ್ಲ. ಹತ್ತನೆಯ ಮಡಿಕೆಯ ಹೊತ್ತಿಗೆ ಹೂವಿನ ಒಂದು ದಳ ಕುಂಟುತ್ತದೆ. ಕರ್ಣಕ್ಕೆ ಒಮ್ಮೆ ಮಡಿಸಿ ಮೂಲೆಗೆ ಮೂಲೆ ಕೂರುತ್ತದೆಯೇ ನೋಡಿಕೊಳ್ಳಿ.

ಉಳಿದ ಕಾಗದಗಳ ಕಥೆ ಚಿಕ್ಕದು. ಚಾರ್ಟ್ ಪೇಪರ್ ಬೇಡವೇ ಬೇಡ, ಮಡಿಸಿದಲ್ಲಿ ಬಿರಿಯುತ್ತದೆ. ಗೋಡೆ ಕ್ಯಾಲೆಂಡರಿನ ಹಾಳೆಯೂ ಅಷ್ಟೆ. ಉಡುಗೊರೆ ಸುತ್ತುವ ಕಾಗದದಲ್ಲಿ ಪ್ಲಾಸ್ಟಿಕ್ ಮೆರುಗು ಇದ್ದರೆ ಮಡಿಕೆ ನಿಲ್ಲುವುದಿಲ್ಲ, ಕೈಬಿಟ್ಟೊಡನೆ ಎದ್ದು ಕೂರುತ್ತದೆ. ಮೆರುಗಿಲ್ಲದ ತೆಳು ಕಾಗದವಾದರೆ ಲಿಲ್ಲಿಗೆ ಅದಕ್ಕಿಂತ ಒಳ್ಳೆಯದು ಸಿಕ್ಕುವುದಿಲ್ಲ. ಒಂದು ಬದಿಗೆ ಮಿರುಗುವ ಬಣ್ಣದ ಕಾಗದ ಶಾಲಾಮಕ್ಕಳಿಗೆ ಇಷ್ಟ. ಆದರೆ ಒಂದೇ ಗೆರೆಯನ್ನು ಎರಡು ಮೂರು ಸಲ ಮಡಿಸಿದರೆ ಅಲ್ಲಿ ಬಣ್ಣ ಒಡೆದು ಬಿಳಿ ಇಣುಕುತ್ತದೆ. ಹೊಸದನ್ನು ಕಲಿಯುವಾಗ ಹಳೆಯ ವೃತ್ತಪತ್ರಿಕೆಯಲ್ಲಿ ದೊಡ್ಡದಾಗಿ ಒಮ್ಮೆ ಮಡಿಸಿ ನೋಡುವುದು ಜಾಣತನ. ಬೆರಳಿಗೆ ಮಸಿ ಹತ್ತುತ್ತದೆ, ಅಷ್ಟೆ.

ಇನ್ನೊಂದು ಮಾತು, ಮಳೆಗಾಲದ್ದು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಇರುವವರಿಗೆ ಹೇಳಬೇಕಿಲ್ಲ: ಜೂನ್ ಕಳೆಯಿತೆಂದರೆ ಕಾಗದ ಹಪ್ಪಳದ ಹಾಗೆ ಮೆತ್ತಗಾಗುತ್ತದೆ. ಆ ದಿನಗಳಲ್ಲಿ ಸುರುಳಿ ತಿರುಗಿಸಿ ನಿಲ್ಲಿಸಬೇಕಾದ ಹೂವುಗಳು, ಅಂದರೆ ಲಿಲ್ಲಿ ಮತ್ತು ಗುಲಾಬಿ, ಮಾರನೆಯ ದಿನಕ್ಕೆ ಜೋಲುತ್ತವೆ. ಟ್ಯೂಲಿಪ್ ಮತ್ತು ತಾವರೆ ತಡೆದುಕೊಳ್ಳುತ್ತವೆ.

ಟ್ಯೂಲಿಪ್: ಉಸಿರಿನಿಂದ ಉಬ್ಬುವ ಹೂವು

ಟ್ಯೂಲಿಪ್‌ನಲ್ಲಿ ಎರಡು ಬಗೆ. ಒಂದು ಚಪ್ಪಟೆಯದು: ಚೌಕವನ್ನು ಕರ್ಣಕ್ಕೆ ಮಡಿಸಿ ತ್ರಿಕೋನ ಮಾಡಿ, ಎರಡು ಬದಿಯ ತುದಿಗಳನ್ನು ಓರೆಯಾಗಿ ಮೇಲಕ್ಕೆ ಎತ್ತಿದರೆ ಮುಗಿಯಿತು. ನಾಲ್ಕೈದು ವರ್ಷದ ಮಗು ಮಾಡುತ್ತದೆ, ಶುಭಾಶಯ ಪತ್ರದ ಮೇಲೆ ಅಂಟಿಸುತ್ತದೆ. ಅದರ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ.

ಇನ್ನೊಂದು ಉಬ್ಬಿದ ಟ್ಯೂಲಿಪ್. ಕೌತುಕ ಇರುವುದು ಇದರಲ್ಲೇ. ಚೌಕವನ್ನು ಎರಡೂ ಕರ್ಣಗಳಲ್ಲಿ ಮಡಿಸಿ ಬಿಚ್ಚಿ. ಮಗುಚಿ ಹಾಕಿ, ಅಡ್ಡಲಾಗಿ ಅರ್ಧಕ್ಕೆ ಒಂದು ಸಲ ಮಡಿಸಿ ಬಿಚ್ಚಿ. ಈಗ ಆ ಅಡ್ಡಗೆರೆಯ ಎರಡು ತುದಿಗಳನ್ನು ಒಳಕ್ಕೆ ನೂಕಿದರೆ ಕಾಗದ ತಾನಾಗಿಯೇ ಕುಸಿದು ತ್ರಿಕೋನವಾಗುತ್ತದೆ. ಕೆಳಗಿನ ಎರಡು ತುದಿಗಳನ್ನು ನೆತ್ತಿಗೆ ಏರಿಸಿ, ಹಿಂಬದಿಯಲ್ಲೂ ಹಾಗೆಯೇ. ಪುಸ್ತಕದ ಹಾಳೆ ತಿರುವಿದಂತೆ ಮುಂದೊಂದು, ಹಿಂದೊಂದು ಪದರವನ್ನು ತಿರುವಿದರೆ ಮಡಿಕೆಯಿಲ್ಲದ ನುಣುಪಾದ ಮುಖ ಎದುರಿಗೆ ಬರುತ್ತದೆ. ಅದರ ಎರಡು ಬದಿಗಳನ್ನು ನಡುಗೆರೆ ತುಸು ದಾಟುವಂತೆ ಮಡಿಸಿ, ಒಂದರ ಬಾಯೊಳಗೆ ಇನ್ನೊಂದನ್ನು ತೂರಿಸಬೇಕು. ಎರಡೂ ಮುಖದಲ್ಲಿ ಇದಾದ ಮೇಲೆ ಬುಡದಲ್ಲಿ ಒಂದು ಸಣ್ಣ ತೂತು ಕಾಣುತ್ತದೆ. ಅದಕ್ಕೆ ತುಟಿಯಿಟ್ಟು ಊದಿದರೆ ಮೊಗ್ಗು ಉಬ್ಬುತ್ತದೆ. ಮೇಲಿನ ನಾಲ್ಕು ತುದಿಗಳನ್ನು ಬಾಳೆಹಣ್ಣಿನ ಸಿಪ್ಪೆ ಸುಲಿದಂತೆ ಇಳಿಸಿದರೆ ಹೂವು ಅರಳಿತು. ಊದಿದ ತೂತಿಗೇ ದಂಟನ್ನು ಸಿಕ್ಕಿಸಬಹುದು. ಹಸಿರು ಕಾಗದದ ಇನ್ನೊಂದು ಚೌಕವನ್ನು ಸಪೂರವಾಗಿ ಮಡಿಸಿ, ನಡುವೆ ಬಗ್ಗಿಸಿದರೆ ದಂಟೂ ಎಲೆಯೂ ಒಟ್ಟಿಗೇ ಬರುತ್ತವೆ.

ಬೇಸಿಗೆ ಶಿಬಿರಗಳಲ್ಲಿ ಮಕ್ಕಳಿಗೆ ಇದನ್ನು ಕಲಿಸಿದ ಅನುಭವದಿಂದ ಹೇಳುತ್ತೇನೆ: ಮಕ್ಕಳು ಎಡವುವುದು ಮಡಿಸುವುದರಲ್ಲಿ ಅಲ್ಲ, ತೂರಿಸುವುದರಲ್ಲಿ. ತುದಿ ಒಳಗೆ ಹೋಗಲಿಲ್ಲವೆಂದು ಅವಸರದಲ್ಲಿ ಬರಿದೇ ಒತ್ತಿ ಬಿಡುತ್ತಾರೆ. ಊದಿದ ತಕ್ಷಣ ಬದಿ ಬಿಚ್ಚಿಕೊಳ್ಳುತ್ತದೆ. ಎರಡನೆಯ ತೊಂದರೆ ಎಂಜಲು. ಏಳೆಂಟು ಸಲ ಊದಿ ಬುಡ ಒದ್ದೆಯಾದರೆ ಆ ಹೂವು ಮುಗಿದಂತೆ. ಸಣ್ಣ ಮಕ್ಕಳಿಗೆ ಸ್ಟ್ರಾ ಕೊಡಿ. ಆದರೂ ಕಾಗದ ಮೊದಲ ಸಲ ಉಬ್ಬಿದಾಗ ಆ ಕೋಣೆಯಲ್ಲಿ ಏಳುವ ಸದ್ದನ್ನು ಬೇರೆ ಯಾವ ಹೂವೂ ಕೊಡುವುದಿಲ್ಲ.

15 ಸೆಂಟಿಮೀಟರಿನ ಕಾಗದದಲ್ಲಿ ಟ್ಯೂಲಿಪ್ ಊದುವ ಮೊದಲು ಏಳೂವರೆ ಸೆಂಟಿಮೀಟರ್ ಎತ್ತರ ಇರುತ್ತದೆ, ಊದಿದ ಮೇಲೆ ಇನ್ನೂ ಕುಳ್ಳಾಗುತ್ತದೆ. ಕಾಲು ಗಂಟೆಯ ಕೆಲಸ. ಎ4 ಹಾಳೆಗೂ ಒಗ್ಗುತ್ತದೆ. ಸೊಬಗಿನಲ್ಲಿ ಮಾತ್ರ ತುಸು ಹಿಂದೆ. ದೂರದಿಂದ ನೋಡಿದವರು ಹೂವಿಗಿಂತ ಹೆಚ್ಚಾಗಿ ಬಲೂನು ಎಂದುಕೊಳ್ಳುವ ಅಪಾಯ ಇದೆ.

ಲಿಲ್ಲಿ: ನನ್ನ ಪಕ್ಷಪಾತ

ಅದೇ 15 ಸೆಂಟಿಮೀಟರಿನ ಕಾಗದವನ್ನು ಲಿಲ್ಲಿ ಮಾಡಿದರೆ ಉದ್ದ ಹತ್ತು ಸೆಂಟಿಮೀಟರ್ ದಾಟುತ್ತದೆ. ಕಾರಣ ಸರಳ. ಲಿಲ್ಲಿಯಲ್ಲಿ ಕಾಗದದ ನಡುಬಿಂದು ತೊಟ್ಟಾಗುತ್ತದೆ, ಮೂಲೆ ದಳದ ತುದಿಯಾಗುತ್ತದೆ. ನಡುವಿನಿಂದ ಮೂಲೆಯವರೆಗಿನ ಪೂರ್ತಿ ದೂರ ಹೂವಿಗೇ ಸಲ್ಲುತ್ತದೆ. ಇಷ್ಟು ಕಡಿಮೆ ಕಾಗದವನ್ನು ಇಷ್ಟು ಚೆನ್ನಾಗಿ ಬಳಸಿಕೊಳ್ಳುವ ಹೂವು ಇನ್ನೊಂದಿಲ್ಲ. ಜಪಾನಿನಲ್ಲಿ ಇದನ್ನೇ ಐರಿಸ್ ಎಂದೂ ಕರೆಯುತ್ತಾರೆ. ಎರಡಕ್ಕೂ ನಿಜದಲ್ಲಿ ಆರು ದಳ, ಕಾಗದದಲ್ಲಿ ನಾಲ್ಕು. ಆದರೂ ಯಾರೂ ಎಣಿಸುವುದಿಲ್ಲ. ದಳಗಳು ಹೊರಕ್ಕೆ ಸುರುಳಿಗೊಂಡ ಬಗೆ ಅಷ್ಟು ಸಹಜವಾಗಿರುತ್ತದೆ.

ಮಡಿಕೆಯ ಮಟ್ಟಿಗೆ ಇದು ಒಂದೇ ಕೆಲಸವನ್ನು ನಾಲ್ಕು ನಾಲ್ಕು ಸಲ ಮಾಡುವ ಹೂವು. ಮೊದಲು ಕಾಗದವನ್ನು ಕಾಲು ಭಾಗದ ಚಿಕ್ಕ ಚೌಕಕ್ಕೆ ಕುಸಿಸಬೇಕು. ಅದಕ್ಕೆ ನಾಲ್ಕು ರೆಕ್ಕೆಗಳಿರುತ್ತವೆ. ಒಂದೊಂದನ್ನೂ ನೇರ ನಿಲ್ಲಿಸಿ, ಒಳಗೆ ಬೆರಳು ಹಾಕಿ ಬಾಯಿ ಅಗಲಿಸಿ ಚಪ್ಪಟೆ ಮಾಡಬೇಕು. ಆಮೇಲೆ ಬರುವುದೇ ಎಲ್ಲರೂ ಸಿಕ್ಕಿಹಾಕಿಕೊಳ್ಳುವ ಜಾಗ: ದಳದ ಮಡಿಕೆ. ಚಪ್ಪಟೆಯಾದ ಭಾಗದ ಎರಡು ಅಂಚುಗಳನ್ನು ನಡುಗೆರೆಗೆ ತಂದು, ಗೆರೆ ಮೂಡಿಸಿ, ಬಿಚ್ಚಬೇಕು. ಈಗ ತೆರೆದ ಅಂಚಿನ ನಡುಭಾಗವನ್ನು ಹಿಡಿದು ಮೆಲ್ಲಗೆ ಎತ್ತಿದರೆ ಎರಡು ಬದಿಗಳೂ ತಾವಾಗಿ ಒಳಕ್ಕೆ ವಾಲುತ್ತವೆ; ಒಂದು ಕ್ಷಣ ಪುಟ್ಟ ದೋಣಿಯ ಆಕಾರ ಕಾಣುತ್ತದೆ, ಒತ್ತಿದರೆ ಮಲಗುತ್ತದೆ. ಆ ದೋಣಿ ಕಾಣಲಿಲ್ಲವೆಂದರೆ ಬಲಪ್ರಯೋಗ ಬೇಡ. ಬಿಚ್ಚಿ, ಗೆರೆಗಳನ್ನು ಉಗುರಿನಿಂದ ಇನ್ನೊಮ್ಮೆ ತೀಡಿ, ಮತ್ತೆ ಎತ್ತಿ. ಮೊದಲ ಸಲ ಇದಕ್ಕೆ ಹತ್ತು ನಿಮಿಷ ಹಿಡಿಯುತ್ತದೆ. ನಾಲ್ಕನೆಯ ರೆಕ್ಕೆಗೆ ಬರುವ ಹೊತ್ತಿಗೆ ಬೆರಳುಗಳಿಗೆ ದಾರಿ ಗೊತ್ತಾಗಿರುತ್ತದೆ. ಒಂದೇ ಹೂವಿನೊಳಗೆ ನಾಲ್ಕು ಸಲ ಅಭ್ಯಾಸ ಮಾಡಿಸಿಬಿಡುವುದರಿಂದಲೇ ಕಲಿಯುವವರಿಗೆ ನಾನು ಲಿಲ್ಲಿಯನ್ನು ಹೇಳುವುದು.

ಕೊನೆಗೆ ನಾಲ್ಕು ಮುಖಗಳಲ್ಲೂ ಬದಿಗಳನ್ನು ನಡುಗೆರೆಗೆ ತಂದು ತೊಟ್ಟನ್ನು ಸಪೂರ ಮಾಡಬೇಕು. ಕಾಗದ ದಪ್ಪವಿದ್ದರೆ ಸಂಕಟ ಶುರುವಾಗುವುದು ಇಲ್ಲಿ. ಪದರಗಳೆಲ್ಲ ತೊಟ್ಟಿನ ಬಳಿ ಒಟ್ಟಾಗಿ ಕೂಡುತ್ತವೆ, ಎ4 ಹಾಳೆಯಾದರೆ ಬೆರಳು ನೋಯುತ್ತದೆ. ಅದಾದ ಮೇಲೆ ಪೆನ್ಸಿಲಿಗೆ ಒಂದೊಂದು ದಳವನ್ನೂ ಬಿಗಿಯಾಗಿ ಸುತ್ತಿ ಬಿಟ್ಟರೆ ಸುರುಳಿ ನಿಲ್ಲುತ್ತದೆ. ಒಟ್ಟು ಅರ್ಧ ಗಂಟೆ. ಒಂದು ಲಿಲ್ಲಿಯನ್ನು ತೆಳ್ಳನೆಯ ಕಡ್ಡಿಗೆ ಸಿಕ್ಕಿಸಿ ಯಾರ ಕೈಗಾದರೂ ಕೊಟ್ಟು ನೋಡಿ, ಅವರು ಅದನ್ನು ಮೂಸದೆ ಇದ್ದರೆ ಹೇಳಿ.

ತಾವರೆ: ಹರಿಯದೆ ಬಂದರೆ ಪುಣ್ಯ

ನಿಜವಾದ ತಾವರೆಯ ಮೊಗ್ಗನ್ನು ದೇವರಿಗೆ ಇಡುವ ಮೊದಲು ದಳಗಳನ್ನು ಒಂದೊಂದಾಗಿ ಒಳಕ್ಕೆ ಮಡಿಚುವುದನ್ನು ನೀವು ಹೂವಿನ ಅಂಗಡಿಯಲ್ಲೋ ಮನೆಯಲ್ಲೋ ನೋಡಿರಬಹುದು. ಕಾಗದದ ತಾವರೆಯಲ್ಲಿ ನಡೆಯುವುದು ಅದರ ತಿರುವುಮುರುವು. ಇಲ್ಲಿ ಅಡಗಿಸಿಟ್ಟ ದಳಗಳನ್ನು ಒಂದೊಂದಾಗಿ ಹೊರಗೆ ಎಳೆಯಬೇಕು.

ಮಡಿಸುವ ಕ್ರಮ ಇದಕ್ಕಿಂತ ಸುಲಭವಾಗಿರಲು ಸಾಧ್ಯವಿಲ್ಲ. ನಾಲ್ಕು ಮೂಲೆಗಳನ್ನೂ ನಡುವಿಗೆ ತನ್ನಿ. ಮತ್ತೆ ನಾಲ್ಕು ಮೂಲೆ ನಡುವಿಗೆ. ಮೂರನೆಯ ಸಲವೂ ಅದೇ. ಮಗುಚಿ ಹಾಕಿ, ಇನ್ನೊಂದು ಸಲ ನಾಲ್ಕು ಮೂಲೆ ನಡುವಿಗೆ. ನಡುವನ್ನು ಬೆರಳಿನಿಂದ ಬಿಗಿಯಾಗಿ ಒತ್ತಿ ಹಿಡಿದು, ಒಂದೊಂದು ಮೂಲೆಯ ಅಡಿಯಿಂದಲೂ ಹಿಂಬದಿಯ ಪದರವನ್ನು ಮುಂದಕ್ಕೆ ಎಳೆದರೆ ದಳ. ಒಂದು ಸುತ್ತು ಮುಗಿದ ಮೇಲೆ ಅದರ ಕೆಳಗಿನ ಸುತ್ತು. ಮಡಿಕೆಯ ಮಟ್ಟಿಗೆ ಏಳು ವರ್ಷದ ಮಗುವೂ ಮಾಡಬಹುದು. ಆದರೆ ಒಂದೊಂದು ಸುತ್ತಿಗೂ ವಿಸ್ತೀರ್ಣ ಅರ್ಧಕ್ಕೆ ಇಳಿಯುತ್ತದೆ, ಪದರ ಇಮ್ಮಡಿಯಾಗುತ್ತದೆ. ನಾಲ್ಕು ಸುತ್ತಿಗೆ ಹದಿನಾರು ಪದರ. ಬದಿ ಕಾಲು ಭಾಗಕ್ಕೆ ಇಳಿದಿರುತ್ತದೆ. 15 ಸೆಂಟಿಮೀಟರಿನ ಕಾಗದದಿಂದ ಹೊರಟರೆ ತಳ ನಾಲ್ಕು ಸೆಂಟಿಮೀಟರೂ ಉಳಿಯುವುದಿಲ್ಲ. ಅಷ್ಟು ಸಣ್ಣ ಗಟ್ಟಿ ಗಂಟಿನ ಅಡಿಯಿಂದ ದಳ ಎಳೆಯುವುದೆಂದರೆ ಹಲ್ಲು ಕಿತ್ತ ಹಾಗೆ. ಬಿರುಸಾದ ಕಾಗದ ಮೂಲೆಯಲ್ಲಿ ಪರ್ ಎನ್ನುತ್ತದೆ.

ಪರಿಹಾರ ಊಟದ ಮೇಜಿನ ಮೇಲಿದೆ. ಪೇಪರ್ ನ್ಯಾಪ್ಕಿನ್. ಮೆತ್ತಗಿರುವುದರಿಂದ ಹರಿಯುವ ಮೊದಲು ಅದು ಬಾಗುತ್ತದೆ. 30 ಸೆಂಟಿಮೀಟರಿನ ನ್ಯಾಪ್ಕಿನ್‌ಗೆ ಏಳೂವರೆ ಸೆಂಟಿಮೀಟರ್ ತಳ ಸಿಗುತ್ತದೆ, ಅದರ ಮೇಲೆ ಒಂದು ಹಣತೆಯನ್ನೋ ಪುಟ್ಟ ಬೊಂಬೆಯನ್ನೋ ಕೂರಿಸಬಹುದು. ಹಣತೆ ಎಂದ ಮೇಲೆ ಹೇಳಲೇಬೇಕು: ಖಾಲಿ ಹಣತೆ. ಉರಿಯುವ ದೀಪದ ಕೆಳಗೆ ಕಾಗದದ ಹೂವು ಇಡುವ ಸಾಹಸ ಬೇಡ. ಎ4 ಹಾಳೆಯಲ್ಲೇ ಮಾಡಬೇಕೆಂಬ ಹಟವಿದ್ದರೆ ಮಗುಚುವ ಮೊದಲಿನ ಮೂರು ಸುತ್ತಿನ ಬದಲು ಎರಡೇ ಸುತ್ತು ಮಾಡಿ. ದಳದ ಸುತ್ತು ಒಂದು ಕಡಿಮೆಯಾಗುತ್ತದೆ, ಹರಿಯುವ ಭಯ ಬಹುಮಟ್ಟಿಗೆ ಹೋಗುತ್ತದೆ. ನವರಾತ್ರಿಯ ಬೊಂಬೆಗಳ ಮೆಟ್ಟಿಲ ಅಂಚಿಗೆ ಗುಲಾಬಿ ಬಣ್ಣದ ನ್ಯಾಪ್ಕಿನ್ ತಾವರೆಗಳನ್ನು ಸಾಲಾಗಿ ಇಟ್ಟರೆ ಖರ್ಚು ಹೆಚ್ಚಲ್ಲ, ನೋಟ ಮಾತ್ರ ಚೆನ್ನ. ಎರಡು ಮೂರು ತಾವರೆ ಮಾಡುವಷ್ಟರಲ್ಲಿ ಕೈ ಕುದುರುತ್ತದೆ, ಆಮೇಲೆ ಒಂದಕ್ಕೆ ಹತ್ತು ನಿಮಿಷ.

ಟ್ಯೂಲಿಪ್ ಮತ್ತು ತಾವರೆಯ ನಡುವೆ ಸುಲಭ ಯಾವುದು ಎಂದು ಕೇಳುವವರಿದ್ದಾರೆ. ಮಡಿಸಲು ತಾವರೆ ಸುಲಭ, ಮುಗಿಸಲು ಟ್ಯೂಲಿಪ್ ಸುಲಭ. ಟ್ಯೂಲಿಪ್ ಕೆಟ್ಟರೆ ಬಿಚ್ಚಿ ಸರಿಪಡಿಸಬಹುದು. ತಾವರೆಯ ದಳ ಹರಿದರೆ ಹೊಸ ಕಾಗದವೇ ಗತಿ.

ಕುಸುದಾಮ: ಐದು ಜನ, ಐದು ಕಾಗದ

ಈ ಹೆಸರನ್ನು ಮೊದಲ ಸಲ ಕೇಳಿದ ಕನ್ನಡಿಗರಲ್ಲಿ ಅನೇಕರು ಇದು ಸಂಸ್ಕೃತವೆಂದೇ ತಿಳಿಯುತ್ತಾರೆ. ಕುಸುಮ, ದಾಮ, ಹೂಮಾಲೆ. ಅರ್ಥ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ! ಆದರೆ ಇದು ಅಪ್ಪಟ ಜಪಾನಿ ಮಾತು. ಕುಸುರಿ ಎಂದರೆ ಔಷಧ, ತಾಮ ಎಂದರೆ ಚೆಂಡು. ಸುಗಂಧದ್ರವ್ಯ, ಗಿಡಮೂಲಿಕೆಗಳನ್ನು ತುಂಬಿ ತೂಗುಹಾಕುತ್ತಿದ್ದ ಚೆಂಡಿಗೆ ಆ ಹೆಸರು. ಈಗ ಕಾಗದದ ಹೂವುಗಳನ್ನು ಜೋಡಿಸಿ ಮಾಡುವ ಚೆಂಡಿಗೂ, ಆ ಚೆಂಡಿನ ಒಂದೊಂದು ಹೂವಿಗೂ ಅದೇ ಹೆಸರು ನಿಂತಿದೆ.

ಅಕ್ಕನ ಮಗಳ ದಾಸವಾಳದ ತಕರಾರಿಗೆ ಉತ್ತರ ಸಿಕ್ಕಿದ್ದು ಇಲ್ಲಿ. ಒಂದು ಚೌಕಕ್ಕೆ ಒಂದು ದಳ, ಐದು ದಳ ಸೇರಿದರೆ ಒಂದು ಹೂವು. ದಳ ಮಡಿಸಲು ಐದು ನಿಮಿಷ ಸಾಕು; ಲಿಲ್ಲಿಯಲ್ಲಿ ಬರುವ ಎತ್ತುವ ಕಸರತ್ತು ಇದರಲ್ಲಿಲ್ಲ. ಕೊನೆಗೆ ಎರಡು ಅಂಚುಗಳನ್ನು ಗೋಂದಿನಿಂದ ಸೇರಿಸಿದರೆ ಶಂಕುವಿನಂತಹ ದಳ ನಿಲ್ಲುತ್ತದೆ. ಗೋಂದು ಬಳಸಿದರೆ ಅದು ಒರಿಗಾಮಿಯೇ ಅಲ್ಲ ಎಂದು ಮೂಗು ಮುರಿಯುವ ಮಡಿವಂತರಿದ್ದಾರೆ. ಇರಲಿ. ಕೆಂಪು ಕಾಗದದ ಐದು ದಳ ಅಂಟಿಸಿ, ಹಳದಿ ಕಾಗದದ ಪಟ್ಟಿಯನ್ನು ಬತ್ತಿಯಂತೆ ಹೊಸೆದು ನಡುವೆ ನಿಲ್ಲಿಸಿದಾಗ ಅವಳು ಮತ್ತೆ ಎಣಿಸಿ, ತಲೆಯಾಡಿಸಿ, ಅಮ್ಮನಿಗೆ ತೋರಿಸಲು ಓಡಿದಳು.

ಲೆಕ್ಕವೂ ಇಲ್ಲಿ ಅನುಕೂಲವಾಗಿದೆ. ಎ4 ಹಾಳೆಯನ್ನು 7 ಸೆಂಟಿಮೀಟರಿನ ಚೌಕಗಳಾಗಿ ಕತ್ತರಿಸಿದರೆ ಹನ್ನೆರಡು ಬರುತ್ತವೆ. ಪೂರ್ತಿ ಚೆಂಡಿಗೆ ಹನ್ನೆರಡು ಹೂವು, ಅಂದರೆ ಅರವತ್ತು ಚೌಕ. ಸರಿಯಾಗಿ ಐದು ಹಾಳೆ. ಐದು ಬಣ್ಣದ ಐದು ಹಾಳೆ ತಂದರೆ ಒಂದೂ ವ್ಯರ್ಥವಾಗುವುದಿಲ್ಲ. ಆದರೆ ಒಬ್ಬರೇ ಕೂತು ಅರವತ್ತು ದಳ ಮಡಿಸುವುದು ಹತ್ತನೆಯ ದಳದ ನಂತರ ಬೀಡಿ ಕಟ್ಟಿದ ಹಾಗಾಗುತ್ತದೆ. ಕರೆಂಟು ಹೋದ ಭಾನುವಾರ, ಮನೆಯಲ್ಲಿ ನಾಲ್ಕೈದು ಜನ, ಬಾಯಿಗೆ ಮಾತು: ಆಗ ಇದು ಸೊಗಸು. ಗೋಂದು ಒಣಗುವವರೆಗೆ ದಳಗಳನ್ನು ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಹಿಡಿಸಿಡಿ.

ಚೆರ್ರಿ, ಹೈಡ್ರೇಂಜಿಯ

ಇವೆರಡನ್ನು ಬೇಗ ದಾಟುತ್ತೇನೆ. ಚೆರ್ರಿ ಹೂವಿಗೆ ಚೌಕವನ್ನು ಮೊದಲು ಪಂಚಭುಜ ಮಾಡಿಕೊಳ್ಳಬೇಕು, ಅದಕ್ಕೆ ಒಂದು ಸಲ ಕತ್ತರಿ ಆಡಿಸಬೇಕು. ಚೌಕವನ್ನು ಮಡಿಸುತ್ತಲೇ ಪಂಚಭುಜ ಪಡೆಯುವ ಬಗೆಯನ್ನು ನಮ್ಮ ನೆರೆಯ ಮದರಾಸಿನಲ್ಲಿ ಟಿ. ಸುಂದರ ರಾವ್ ಅವರು 1893ರಲ್ಲೇ ಕಾಗದ ಮಡಿಸಿ ಜ್ಯಾಮಿತಿ ಕಲಿಸುವ ತಮ್ಮ ಪುಸ್ತಕದಲ್ಲಿ ವಿವರಿಸಿದ್ದರು. ಅದನ್ನು ಬರೆಯಲು ಅವರಿಗೆ ಪ್ರೇರಣೆಯಾದದ್ದು ಶಿಶುವಿಹಾರದ ಮಕ್ಕಳಿಗೆಂದು ಮಾರಾಟವಾಗುತ್ತಿದ್ದ ಇನ್ನೂರು ಬಣ್ಣದ ಚೌಕಗಳ ಕಟ್ಟು. ಗಣಿತದ ಮೇಷ್ಟರಿಗೆ ಚೆರ್ರಿಯನ್ನು ಧೈರ್ಯವಾಗಿ ಹೇಳುತ್ತೇನೆ. ಉಳಿದವರಿಗೆ ಇಷ್ಟು ತಾಪತ್ರಯ ಯಾಕೆ?

ಹೈಡ್ರೇಂಜಿಯ ಇದಕ್ಕೆ ವಿರುದ್ಧ. ಮಡಿಕೇರಿ, ಊಟಿ ಕಡೆಯ ತೋಟಗಳಲ್ಲಿ ನೀಲಿ ಗೊಂಚಲಾಗಿ ಅರಳುವ ಈ ಹೂವಿನ ಒಂದೊಂದು ಬಿಡಿ ಹೂವಿಗೂ ಸಾಮಾನ್ಯವಾಗಿ ನಾಲ್ಕೇ ಎಸಳು. ಚೌಕಕ್ಕೆಂದೇ ಹುಟ್ಟಿದ ಹೂವು. ಜಪಾನಿನ ಶಾಲಾ ಶಿಕ್ಷಕ ಶುಜೊ ಫುಜಿಮೊಟೊ ಇದನ್ನು ರೂಪಿಸಿದರು: ಒಂದರೊಳಗೊಂದು ಚಿಕ್ಕದಾಗುತ್ತಾ ಹೋಗುವ ಎಸಳುಗಳು, ಎಲ್ಲವೂ ಒಂದೇ ಕಾಗದದಲ್ಲಿ. ನೋಡಲು ಬೆರಗು. ಮಡಿಸಲು ಗೆರೆ ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ಲಿಲ್ಲಿ ಕರಗತವಾದವರು ಗುಲಾಬಿಗೆ ಹೋಗುವ ದಾರಿಯಲ್ಲಿ ಇಲ್ಲಿ ಒಂದೆರಡು ವಾರ ತಂಗಬಹುದು.

ಗುಲಾಬಿ

ಗುಲಾಬಿ ಹಲವು ಇವೆ. ಜಗತ್ತು ಗುರುತಿಸುವುದು ತೊಶಿಕಾಜು ಕವಾಸಾಕಿ ಅವರದನ್ನು. ಅವರು ಗಣಿತಜ್ಞರು. ಒಂದು ಬಿಂದುವಿನಲ್ಲಿ ಕೂಡುವ ಮಡಿಕೆಗಳು ಚಪ್ಪಟೆಯಾಗಿ ಮಲಗಬೇಕಾದರೆ ಒಂದು ಬಿಟ್ಟು ಒಂದು ಕೋನಗಳ ಮೊತ್ತ 180 ಡಿಗ್ರಿ ಇರಬೇಕು ಎಂಬ ಪ್ರಮೇಯ ಅವರ ಹೆಸರಿನಲ್ಲೇ ಇದೆ. ವಿಚಿತ್ರವೆಂದರೆ ಅವರ ಗುಲಾಬಿಯ ಚೆಲುವಿರುವುದು ಚಪ್ಪಟೆಯಾಗಿ ಮಲಗಲು ಒಲ್ಲದೆ ಇರುವುದರಲ್ಲೇ.

ಮೊದಲ ಮುಕ್ಕಾಲು ಗಂಟೆ ಹೂವಿನ ಸುಳಿವೇ ಇರುವುದಿಲ್ಲ. ಕಾಗದದ ತುಂಬ ಚೌಕುಳಿ ಗೆರೆ ಎಳೆಯುವುದು, ಆಯ್ದ ಕಡೆ ಓರೆ ಗೆರೆ, ಬಿಚ್ಚುವುದು, ಮಗುಚುವುದು. ಆಮೇಲೆ ಎಲ್ಲ ಗೆರೆಗಳನ್ನೂ ಒಟ್ಟಿಗೆ ಹಿಡಿದು ನಡುವನ್ನು ನೀರಿನ ನಲ್ಲಿಯಂತೆ ತಿರುಗಿಸಬೇಕು. ಅಲ್ಲಿ ಎರಡು ಕೈ ಸಾಲುವುದಿಲ್ಲ ಎನ್ನಿಸುತ್ತದೆ. ಒಂದು ಬದಿ ಕೂತರೆ ಎದುರು ಬದಿ ಏಳುತ್ತದೆ. ನಾನು ಮೂರು ಸಂಜೆ ಸೋತೆ. ನಾಲ್ಕನೆಯ ಸಲ, ಟೀ ಆರಿಹೋಗಿದ್ದನ್ನು ನೋಡಿ ಬೇಸರದಿಂದ ಹಿಡಿತ ಸಡಿಲಿಸಿದಾಗ ಕಾಗದ ತಾನೇ ಸರಕ್ಕನೆ ಸುತ್ತಿಕೊಂಡಿತು. ಬಿಗಿಯಾಗಿ ಹಿಡಿದದ್ದೇ ತಪ್ಪಾಗಿತ್ತು. ಮೊದಲ ಗುಲಾಬಿಗೆ ಎರಡು ಗಂಟೆ ಎತ್ತಿಡಿ, ಜೊತೆಗೆ ಹಾಳಾಗಲು ಐದಾರು ಕಾಗದ.

ಎ4 ಹಾಳೆ ಇಲ್ಲಿ ಕೈಕೊಡುತ್ತದೆ. ಅದೇ ಗೆರೆಯನ್ನು ಹಿಂದಕ್ಕೂ ಮುಂದಕ್ಕೂ ಮಡಿಸುವುದರಿಂದ ಗೆರೆಗಳು ಕೂಡುವಲ್ಲಿ ಸಣ್ಣ ತೂತು ಬೀಳುತ್ತದೆ. ಎರಡೂ ಬದಿಗೆ ಒಂದೇ ಬಣ್ಣವಿರುವ, ನಾರು ಉದ್ದವಿರುವ ಕಾಗದ ಬೇಕು. ಜಪಾನಿನ ಕೈಕಾಗದ ವಾಶಿಯನ್ನು ಕೋಜೊ ಗಿಡದ ತೊಗಟೆಯ ಉದ್ದನೆಯ ನಾರಿನಿಂದ ಮಾಡುವುದರಿಂದ ಅದು ಇಂಥ ಕಾಟವನ್ನು ತಾಳುತ್ತದೆ; ದುಬಾರಿ, ಅಭ್ಯಾಸಕ್ಕೆ ತೆಗೆಯಬೇಡಿ. ದಪ್ಪ ಕಾಗದವನ್ನು ತುಸು ಒದ್ದೆ ಮಾಡಿ ಮಡಿಸುವ ಪದ್ಧತಿಯೂ ಇದೆ. ಜಪಾನಿನ ಒರಿಗಾಮಿ ಕಲಾವಿದ ಅಕಿರಾ ಯೋಶಿಜಾವಾ ಅವರು ತಂದದ್ದು ಅದು. ಆರಿದ ಮೇಲೆ ದಳದ ಬಾಗು ಹಾಗೇ ನಿಲ್ಲುತ್ತದೆ. ನಕ್ಷೆಗಳಲ್ಲಿ ತುಂಡು ಗೆರೆ ಕಂಡರೆ ನಿಮ್ಮ ಕಡೆಗೆ ಮಡಿಸಿ, ಗೆರೆ-ಚುಕ್ಕಿ ಕಂಡರೆ ಹಿಂದಕ್ಕೆ ಮಡಿಸಿ ಎಂಬ ಸಂಕೇತ ಪದ್ಧತಿಯ ಮೂಲವೂ ಅವರೇ. ಆ ಗೆರೆಗಳನ್ನು ಓದಲು ಕಲಿತರೆ ಜಪಾನಿ ಭಾಷೆಯ ಪುಸ್ತಕವನ್ನೂ ನೋಡಿ ಮಡಿಸಬಹುದು. ಗುಲಾಬಿಗೆ ನಾನು ವಿಡಿಯೊಗಿಂತ ನಕ್ಷೆಯನ್ನೇ ನಂಬುತ್ತೇನೆ. ವಿಡಿಯೊದಲ್ಲಿ ಮುಖ್ಯವಾದ ತಿರುಚು ಬರುವ ಹೊತ್ತಿಗೆ ಮಡಿಸುವವರ ಹೆಬ್ಬೆರಳು ಅಡ್ಡ ಬಂದಿರುತ್ತದೆ.

ಇಷ್ಟೆಲ್ಲ ಪಾಡು ಪಡುವುದಕ್ಕೆ ತಕ್ಕ ಹೂವೇ ಅದು? ಉಡುಗೊರೆಗೆ ಎಂದರೆ ಲಿಲ್ಲಿ ಸಾಕು ಎಂದೇ ಹೇಳುತ್ತೇನೆ. ಮಡಿಸುವುದೇ ಖುಷಿಯಾದವರಿಗೆ ಮಾತ್ರ ಗುಲಾಬಿ ಋಣ ತೀರಿಸುತ್ತದೆ. ನನ್ನದು ಕೊನೆಗೂ ಸರಿಯಾಗಿ ಬಂದ ವಾರ ಅಕ್ಕನ ಮಗಳು ಮನೆಗೆ ಬಂದಿದ್ದಳು, ಅಷ್ಟು ಹೊತ್ತಿಗೆ ಏಳನೆಯ ತರಗತಿ. ಹೂವನ್ನು ಕೈಗೆ ತೆಗೆದುಕೊಂಡು ಹಳೆಯ ಚಾಳಿಯಂತೆ ಬೆರಳಿಟ್ಟು ಎಣಿಸಲು ತೊಡಗಿದಳು. ಎರಡನೆಯ ಸುತ್ತಿನಲ್ಲಿ ಲೆಕ್ಕ ತಪ್ಪಿತು. ಮತ್ತೆ ಮೊದಲಿನಿಂದ ಎಣಿಸಿದಳು, ಮತ್ತೆ ತಪ್ಪಿತು. ಆಮೇಲೆ ಹೂವನ್ನು ಮೆಲ್ಲಗೆ ಮಗುಚಿ ತಳ ನೋಡಿದಳು. "ಮಾಮ, ಇಲ್ಲಿ ನೋಡು" ಎಂದಳು. ತಳ ಚೌಕವಾಗಿತ್ತು, ನಾಲ್ಕು ಮೂಲೆಯೂ ಸ್ಪಷ್ಟವಾಗಿ ಕಾಣುತ್ತಿದ್ದವು.